ಇಳಿಜಾರಿನಲ್ಲಿ ಫೋರ್ಕ್‌ಲಿಫ್ಟ್: ಅಟ್ಯಾಚ್‌ಮೆಂಟ್‌ನಿಂದ ಕುಗ್ಗುವ ಸಾಮರ್ಥ್ಯ

ಹಮಾಲರ ಹೆಗಲ ಮೇಲೆ ಸಾಗುತ್ತಿದ್ದ ಸರಕು ಇಂದು ಸಣ್ಣ ಕಾರ್ಖಾನೆ ಹಾಗೂ ಗೋದಾಮುಗಳಲ್ಲಿಯೂ ಫೋರ್ಕ್‌ಲಿಫ್ಟ್‌ಗಳ ಮೂಲಕ ಸಾಗುತ್ತಿದೆ. ಹತ್ತಿಯ ಬೇಲ್‌ಗಳಿಗೆ ಬೇಲ್ ಕ್ಲ್ಯಾಂಪ್, ಕಾಗದದ ಸುರುಳಿಗಳಿಗೆ ರೋಲ್ ಕ್ಲ್ಯಾಂಪ್, ಪೀಪಾಯಿಗಳಿಗೆ ಡ್ರಮ್ ಕ್ಲ್ಯಾಂಪ್, ಸರಕನ್ನು ತಿರುಗಿಸಲು ರೊಟೇಟರ್ ಮುಂತಾದ ಅಟ್ಯಾಚ್‌ಮೆಂಟ್‌ಗಳನ್ನು ಜೋಡಿಸಿದರೆ ಒಂದೇ ಯಂತ್ರ ಹಲವು ಕೆಲಸಗಳಿಗೆ ಒದಗುತ್ತದೆ. ಆದರೆ ಅವುಗಳ ಬೆಲೆಯನ್ನು ಚೌಕಾಸಿ ಮಾಡಿ ಕೊಳ್ಳುವ ಉದ್ಯಮಿಯು, ಅವುಗಳಿಂದ ಯಂತ್ರದ ಎತ್ತುವ ಸಾಮರ್ಥ್ಯ ಎಷ್ಟು ಕುಗ್ಗುತ್ತದೆ ಎಂದು ವಿಚಾರಿಸುವುದು ವಿರಳ.

ಸಾಮರ್ಥ್ಯದ ಲೆಕ್ಕ

ಫೋರ್ಕ್‌ಲಿಫ್ಟ್ ಒಂದು ತಕ್ಕಡಿಯಿದ್ದಂತೆ. ಮುಂಗಾಲಿಗಳ ಅಚ್ಚು ಅದರ ಆಧಾರ. ಮುಂದೆ ಸರಕು, ಹಿಂದೆ ಅದನ್ನು ಸರಿದೂಗಿಸುವ ಯಂತ್ರದ ತೂಕ. ಸರಕು ಅಚ್ಚಿನಿಂದ ದೂರ ಸರಿದಷ್ಟೂ ತಕ್ಕಡಿ ಮುಂದಕ್ಕೆ ವಾಲುತ್ತದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. 500 ಮಿ.ಮೀ. ಲೋಡ್ ಸೆಂಟರ್‌ನಲ್ಲಿ 2,000 ಕಿಲೋ ಎತ್ತುವ ಯಂತ್ರದಲ್ಲಿ ಅಚ್ಚಿನಿಂದ ಫೋರ್ಕ್‌ನ ಮುಖಕ್ಕೆ 400 ಮಿ.ಮೀ. ಅಂತರವಿದೆ ಎಂದುಕೊಳ್ಳೋಣ. ಸರಕಿನ ಭ್ರಾಮಕ 2,000 × 900, ಅಂದರೆ 18,00,000. ಇದಕ್ಕೆ 300 ಕಿಲೋ ತೂಕದ ರೊಟೇಟರ್ ಜೋಡಿಸಿ, ಅದರ ಭಾರಕೇಂದ್ರವು ಅಚ್ಚಿನಿಂದ 550 ಮಿ.ಮೀ. ದೂರದಲ್ಲಿದ್ದರೆ 1,65,000 ಅದಕ್ಕೇ ವ್ಯಯವಾಗುತ್ತದೆ. ಅದರ ದಪ್ಪದಿಂದ ಸರಕು 150 ಮಿ.ಮೀ. ಮುಂದೆ ಸರಿದರೆ, ಉಳಿದ 16,35,000ವನ್ನು 1,050ರಿಂದ ಭಾಗಿಸಬೇಕು. ಉಳಿಯುವ ಸಾಮರ್ಥ್ಯ ಸುಮಾರು 1,557 ಕಿಲೋ ಮಾತ್ರ. ಇದು ತಿಳಿವಳಿಕೆಗಾಗಿ ನೀಡಿದ ಸ್ಥೂಲ ಲೆಕ್ಕ. ನಿಜವಾದ ಸಾಮರ್ಥ್ಯವನ್ನು ಯಂತ್ರದ ತಯಾರಕರೇ ಲಿಖಿತವಾಗಿ ತಿಳಿಸಬೇಕು.

ರ‍್ಯಾಂಪ್ ಮೇಲೆ

ಮೇಲಿನ ಲೆಕ್ಕ ಸಮತಟ್ಟಾದ ನೆಲಕ್ಕೆ ಸಂಬಂಧಿಸಿದ್ದು. ಇಳಿಜಾರಿನಲ್ಲಿ ಭಾರಕೇಂದ್ರವು ತಗ್ಗಿನ ಕಡೆಗೆ ಸರಿಯುವುದರಿಂದ ಅಪಾಯ ಇಮ್ಮಡಿಸುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮದಂತೆ, ಶೇ. 10ಕ್ಕಿಂತ ಹೆಚ್ಚಿನ, ಅಂದರೆ 10 ಮೀಟರಿಗೆ 1 ಮೀಟರಿಗಿಂತ ಹೆಚ್ಚು ಏರುವ ಇಳಿಜಾರಿನಲ್ಲಿ ಸರಕು ಸದಾ ಏರಿನ ಕಡೆಗೇ ಇರಬೇಕು. ಆದ್ದರಿಂದ ಸರಕಿನೊಂದಿಗೆ ಏರುವಾಗ ಮುಮ್ಮುಖವಾಗಿ, ಇಳಿಯುವಾಗ ಹಿಮ್ಮುಖವಾಗಿ ಚಲಿಸಬೇಕು. ಮಾಸ್ಟ್ ಹಿಂದಕ್ಕೆ ವಾಲಿರಬೇಕು. ಸರಕು ನೆಲಕ್ಕೆ ತಗಲದಷ್ಟು ಮಾತ್ರ ಎತ್ತರದಲ್ಲಿರಬೇಕು. ಇಳಿಜಾರಿನ ಮಧ್ಯದಲ್ಲಿ ತಿರುಗಿಸುವುದು, ಅಡ್ಡಲಾಗಿ ಚಲಿಸುವುದು ಯಂತ್ರ ಪಕ್ಕಕ್ಕೆ ಮಗುಚಲು ದಾರಿ. ಅಟ್ಯಾಚ್‌ಮೆಂಟ್ ಇರುವ ಯಂತ್ರವನ್ನು, ಸರಕಿಲ್ಲದಿದ್ದರೂ, ಭಾಗಶಃ ಭಾರ ಹೊತ್ತ ಯಂತ್ರವೆಂದೇ ಪರಿಗಣಿಸಿ ನಡೆಸಬೇಕೆಂಬುದೂ ಅದೇ ನಿಯಮಾವಳಿಯಲ್ಲಿದೆ.

ಸೀಟ್ ಬೆಲ್ಟ್ ಕಡ್ಡಾಯವಾಗಿರಲಿ. ಯಂತ್ರ ಮಗುಚುವಾಗ ಹೊರಕ್ಕೆ ಜಿಗಿದ ಚಾಲಕನು ಅದರ ಅಡಿಯಲ್ಲೇ ಸಿಲುಕುವ ಸಂಭವ ಹೆಚ್ಚು. ಆಸನದಲ್ಲೇ ಕುಳಿತು, ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲುವುದನ್ನು ಅವನಿಗೆ ಕಲಿಸಬೇಕು.

ಮಾಲೀಕರ ಹೊಣೆ

ಹೊಸ ಅಟ್ಯಾಚ್‌ಮೆಂಟ್ ಬಂದ ದಿನ ಅದರ ಬಿಲ್ಲು ಸ್ಥಿರಾಸ್ತಿಯ ಖಾತೆಗೆ ಸೇರುತ್ತದೆ. ಅದೇ ಕಡತದಲ್ಲಿ ತಯಾರಕರ ಒಪ್ಪಿಗೆ ಪತ್ರ, ಪರಿಷ್ಕೃತ ಸಾಮರ್ಥ್ಯದ ವಿವರ ಹಾಗೂ ಚಾಲಕನ ತರಬೇತಿಯ ದಾಖಲೆಯೂ ಸೇರಬೇಕು. ಯಂತ್ರದ ಮೇಲಿನ ಸಾಮರ್ಥ್ಯ ಫಲಕ ಬದಲಾಗಬೇಕು. ರ‍್ಯಾಂಪಿನ ಉದ್ದ ಮತ್ತು ಎತ್ತರವನ್ನು ಟೇಪು ಹಿಡಿದು ಅಳೆಯಲು ಅರ್ಧ ಗಂಟೆ ಸಾಕು. ಅದಕ್ಕೆ ಬೇರೆ ಖರ್ಚಿಲ್ಲ. ಅಳೆಯದೆ ಬಿಟ್ಟರೆ ತೆರಬೇಕಾದ ಬೆಲೆ ಒಬ್ಬ ಚಾಲಕನ ಪ್ರಾಣವಾಗಬಹುದು; ಅದನ್ನು ತುಂಬಿಕೊಡುವ ಯಾವ ವಿಮೆಯೂ ಇಲ್ಲ.