ಎಂಜಿನ್ ಅದೇ, ಎಳೆತ ಮಾತ್ರ ಹೆಚ್ಚು!

ಪ್ರಶ್ನೆ: ಅಮೆರಿಕದಲ್ಲಿ ಟ್ರೈಲರ್ ಎಳೆಯಲೆಂದು ಪಿಕಪ್ ಟ್ರಕ್ಕಿನ ಆಕ್ಸಲ್ ಗೇರ್ ಬದಲಿಸುತ್ತಾರಂತೆ. ಎಂಜಿನ್ ಮುಟ್ಟದೆ ಬಲ ಹೆಚ್ಚುವುದು ಹೇಗೆ?

ಉತ್ತರ: ಎಂಜಿನ್ನಿನ ಬಲ ಎಳ್ಳಷ್ಟೂ ಹೆಚ್ಚುವುದಿಲ್ಲ, ಚಕ್ರಕ್ಕೆ ತಲುಪುವ ಟಾರ್ಕ್ ಹೆಚ್ಚುತ್ತದೆ. ಹಿಂದಿನ ಆಕ್ಸಲ್ಲಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಭಾಗವಿದೆಯಲ್ಲ, ಅದರೊಳಗೆ ಪುಟ್ಟ ಪಿನಿಯನ್ ದೊಡ್ಡ ರಿಂಗ್ ಗೇರನ್ನು ತಿರುಗಿಸುತ್ತದೆ. ಪಿನಿಯನ್ನಿಗೆ 11 ಹಲ್ಲು, ರಿಂಗಿಗೆ 39 ಇದ್ದರೆ ಅನುಪಾತ ಸುಮಾರು 3.55. ಆ ಜೋಡಿ ತೆಗೆದು 10 ಮತ್ತು 41 ಹಲ್ಲಿನದನ್ನು ಕೂರಿಸಿದರೆ 4.10. ಅಲ್ಲಿಗೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸುಮಾರು ಶೇ. 15ರಷ್ಟು ಹೆಚ್ಚು ಟಾರ್ಕ್. ಪುಕ್ಕಟೆಯೇನಲ್ಲ: ಅದೇ ವೇಗಕ್ಕೆ ಎಂಜಿನ್ ನಿಮಿಷಕ್ಕೆ 2,000 ಸುತ್ತಿನ ಬದಲು ಸುಮಾರು 2,300 ಸುತ್ತಬೇಕು, ಖಾಲಿ ಗಾಡಿಯಲ್ಲೂ ಇಂಧನ ಹೆಚ್ಚು ಕುಡಿಯುತ್ತದೆ.

ಶೋಕಿಗೆ 35 ಇಂಚಿನ ಟೈರ್ ಹಾಕಿಸಿ ಎಳೆತ ಕಳೆದುಕೊಂಡವರಿಗೆ ಇದು ನಿಜಕ್ಕೂ ಬೇಕಾದ ಕೆಲಸ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸಲ್ಲಿಗೂ ಅದೇ ಅನುಪಾತ ಬೇಕು, ಖರ್ಚು ಹೆಚ್ಚುಕಡಿಮೆ ಎರಡರಷ್ಟು. ಹಲ್ಲುಗಳ ನಡುವಿನ ಸಂದು ಇಂಚಿನ ಸಾವಿರದ ಒಂದಂಶದ ಲೆಕ್ಕದಲ್ಲಿ ಹೊಂದಬೇಕು, ತಪ್ಪಿದರೆ ಗೇರ್ ಊಳಿಡುತ್ತದೆ. 10 ಗೇರಿನ ಹೊಸ ಟ್ರಕ್ಕಿಗೆ, ಮೂಲ ಟೈರೇ ಇದ್ದರೆ, ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಇನ್ನೊಂದು ಮಾತು: ಗೇರ್ ಬದಲಿಸಿದ ಮಾತ್ರಕ್ಕೆ ತಯಾರಕರು ಗೊತ್ತುಮಾಡಿದ ಎಳೆಯುವ ಮಿತಿ ಏರುವುದಿಲ್ಲ, ಬ್ರೇಕು, ಚಾಸಿ ಹಳೆಯವೇ.