ಕೆಂಕೆರೆಯ ಕೊಬ್ಬರಿಯೂ ಬೆಂಗಳೂರಿನ ಕುದುರೆಯೂ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಹುಳಿಯಾರಿಗೆ ಸಮೀಪವಾಗಿರುವ ಕೆಂಕೆರೆಗೆ ನಾವು ಒಂದು ಮದುವೆಯ ನಿಮಿತ್ತ ಹೋಗಬೇಕಾಗಿ ಬಂದಿತ್ತು. ಮುಹೂರ್ತಕ್ಕೆ ಇನ್ನೂ ವೇಳೆಯಿದ್ದುದರಿಂದ ರಸ್ತೆಯ ಬದಿಯ ಕಾಫಿ ಹೋಟೆಲಿನಲ್ಲಿ ಕುಳಿತೆವು. ತೆಂಗಿನ ಸೀಮೆಯ ಹೋಟೆಲುಗಳಲ್ಲಿ ಮಾತು ಎಲ್ಲಿ ಪ್ರಾರಂಭವಾದರೂ ಕೊಬ್ಬರಿಯ ಧಾರಣೆಯಲ್ಲಿಯೇ ಕೊನೆಗಾಣುವುದೆಂದು ಬಲ್ಲವರು ಬಲ್ಲರು. ಆ ದಿನ ಹಾಗಾಗಲಿಲ್ಲ. ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು, ರೇಸಿನ ಪುಸ್ತಕವೊಂದನ್ನು ಪಂಚಾಂಗದಂತೆ ಮಡಿಲಲ್ಲಿ ಹರಡಿಕೊಂಡು, ತಮ್ಮ ಸೋದರಳಿಯನಿಗೆ ಕುದುರೆಗಳ ವಂಶಾವಳಿಯನ್ನು ವಿವರಿಸುತ್ತಿದ್ದರು.

"ಈ ಸಲದ ಡರ್ಬಿಗೆ ಹೋಗಲೇಬೇಕು ಕಣಪ್ಪಾ. ಆ ಮೈದಾನ ಇನ್ನೆಷ್ಟು ದಿನ ಅಲ್ಲಿರುತ್ತೋ ಯಾರಿಗೆ ಗೊತ್ತು" ಎಂದರು ಅವರು.

"ಹೋದ ವರ್ಷವೂ ಇದೇ ಕಡೆಯದು ಅಂತ ಹೇಳಿ ಹೊರಟಿರಲ್ಲಾ ಮಾವ" ಎಂದು ಹುಡುಗನು ನಕ್ಕನು.

ವೃದ್ಧರೂ ನಕ್ಕರು. ಪ್ರಾಯದಲ್ಲಿ ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಲು ಹೋದಾಗ, ಅಲ್ಲಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಮೊದಲ ಬಾರಿಗೆ ಓಟವನ್ನು ನೋಡಿದರಂತೆ. ಅಂದಿನಿಂದ ವರ್ಷಕ್ಕೆ ಒಂದಾವೃತ್ತಿಯಾದರೂ ತಪ್ಪಿಸಿಲ್ಲವಂತೆ. ಗೆದ್ದದ್ದೆಷ್ಟು, ಸೋತದ್ದೆಷ್ಟು ಎಂದು ನಾವು ಕೇಳಿದೆವು. "ಸ್ವಾಮೀ, ಗೆದ್ದ ಲೆಕ್ಕ ಬಾಯಲ್ಲಿದೆ, ಸೋತ ಲೆಕ್ಕ ಮನೆಯವಳ ಹತ್ತಿರ ಇದೆ" ಎಂದು ಉತ್ತರ ಬಂದಿತು.

ಈ ಸಂಭಾಷಣೆಯು ನಮ್ಮನ್ನು ಊರಿಗೆ ಹಿಂದಿರುಗಿದ ಮೇಲೂ ಬಿಡಲಿಲ್ಲ. ಇಂದೋ ನಾಳೆಯೋ ಮುಚ್ಚಿಹೋಗುವ ಬಯಲೊಂದರಲ್ಲಿ ನಡೆಯುವ ಓಟಕ್ಕಾಗಿ ನೂರಾರು ಊರುಗಳ ಜನರು ಹೀಗೆ ಆಸೆಯಿಂದ ಕಾಯುತ್ತಿರುವುದು ಕೇವಲ ವಿನೋದದ ವಿಷಯವಲ್ಲ. ಇದರಲ್ಲಿ ಸಾರ್ವಜನಿಕ ಭೂಮಿಯ ಪ್ರಶ್ನೆಯಿದೆ. ಸರ್ಕಾರದವರ ಮಾತಿನ ಬೆಲೆಯ ಪ್ರಶ್ನೆಯಿದೆ. ನಮ್ಮ ರೈತರ ಹಣದ ಪ್ರಶ್ನೆಯೂ ಇದೆ. ಆದಕಾರಣ ವಾಚಕರ ಮುಂದೆ ಇದನ್ನು ಸ್ವಲ್ಪ ವಿಸ್ತಾರವಾಗಿ ಇಡುತ್ತೇವೆ.

ಬೆಂಗಳೂರಿನ ಹೈಗ್ರೌಂಡ್ಸಿನಲ್ಲಿರುವ ಕುದುರೆ ಓಟದ ಬಯಲು ಸುಮಾರು 85 ಎಕರೆಯಷ್ಟು ವಿಸ್ತಾರವುಳ್ಳದ್ದು. ವಿಧಾನಸೌಧಕ್ಕೂ ಮೆಜೆಸ್ಟಿಕ್ಕಿಗೂ ನಡೆದು ಹೋಗಬಹುದಾದಷ್ಟು ಹತ್ತಿರದ ಸ್ಥಳ. ದಂಡಿನ ಬಿಳಿಯ ಅಧಿಕಾರಿಗಳ ವಿನೋದಕ್ಕಾಗಿ ಈ ದೇಶಕ್ಕೆ ಬಂದ ಆಟವು ಅರಮನೆಯ ಆಶ್ರಯದಲ್ಲಿ ಬೆಳೆದು, ಸ್ವರಾಜ್ಯ ಬಂದ ಮೇಲೆ 1952ರ ಮೈಸೂರು ರೇಸ್‌ಕೋರ್ಸ್ ಪರವಾನಗಿ ಕಾಯಿದೆಯ ಅಧೀನದಲ್ಲಿ ಮುಂದುವರಿದು ಬಂದಿದೆ. ಭೂಮಿಯು ಸರ್ಕಾರದ್ದು, ಟರ್ಫ್ ಕ್ಲಬ್ಬಿನವರು ಗೇಣಿದಾರರು. ಆ ಗೇಣಿಯ ಅವಧಿಯು 2009ರಲ್ಲಿಯೇ ಮುಗಿಯಿತು. ಬಯಲನ್ನು ಬಿಟ್ಟುಕೊಡಬೇಕೆಂದು ಸರ್ಕಾರದವರೂ, ಬಿಡಲಾಗದೆಂದು ಕ್ಲಬ್ಬಿನವರೂ ನ್ಯಾಯಾಲಯದ ಮೆಟ್ಟಿಲೇರಿದರು; ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2024ರಲ್ಲಿ ಪರವಾನಗಿಯ ವಿಷಯವಾಗಿಯೇ ಮತ್ತೊಂದು ವ್ಯಾಜ್ಯವೆದ್ದು ಕೆಲಕಾಲ ಓಟಗಳು ನಿಂತವು. ಈಗ ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿರುವ ಕುದುರೆ ಫಾರಮಿನ ಭೂಮಿಗೆ ಈ ಓಟವನ್ನು ಸಾಗಿಸುವ ಯೋಜನೆಯನ್ನು ಸರ್ಕಾರದವರು ಮುಂದಿಟ್ಟಿದ್ದಾರೆ.

ಹೀಗೆ 2009ರಿಂದ ಈಚೆಗೆ ಬಂದ ಪ್ರತಿಯೊಂದು ಡರ್ಬಿಯೂ ಕಡೆಯ ಡರ್ಬಿಯೆಂದು ಹೇಳಿಸಿಕೊಂಡಿದೆ. ಕೆಂಕೆರೆಯ ಹುಡುಗನ ನಗೆಗೆ ಕಾರಣವಿಲ್ಲದೆ ಇಲ್ಲ.

ಓಟದ ಬಯಲುಗಳು ಮುಚ್ಚುವುದು ಲೋಕದಲ್ಲಿ ಹೊಸದೇನೂ ಅಲ್ಲ. ಆಸ್ಟ್ರೇಲಿಯಾ ದೇಶದ ಅಡಿಲೇಡ್ ನಗರದಲ್ಲಿ 1985ರಿಂದ 1995ರವರೆಗೆ ಊರಿನ ಬೀದಿಗಳಲ್ಲಿಯೇ ಫಾರ್ಮುಲಾ ಒನ್ ಮೋಟಾರು ಪಂದ್ಯಗಳು ನಡೆಯುತ್ತಿದ್ದವು. ಆ ಮಾರ್ಗದ ಒಂದು ಭಾಗವು ವಿಕ್ಟೋರಿಯಾ ಪಾರ್ಕೆಂಬ ಕುದುರೆ ಓಟದ ಬಯಲಿನೊಳಗೆ ಹಾದುಹೋಗುತ್ತಿದ್ದುದು ನಮ್ಮ ಪ್ರಸ್ತಾಪಕ್ಕೆ ಒಂದು ಸ್ವಾರಸ್ಯ. ಪಂದ್ಯವು ಮೆಲ್ಬರ್ನಿಗೆ ಹೋಗುವುದೆಂಬ ಸಂಗತಿ 1993ರ ಕೊನೆಯಲ್ಲಿಯೇ ಪ್ರಕಟವಾಯಿತು. ಜನರಿಗೆ ಸುಮಾರು ಎರಡು ವರ್ಷಗಳ ಅವಕಾಶ ದೊರೆಯಿತು. 1995ರ ನವೆಂಬರ್ 12ರಂದು ಕಡೆಯ ಪಂದ್ಯ ನಡೆದಾಗ ಎರಡು ಲಕ್ಷಕ್ಕೆ ಮೀರಿದ ಜನರು ನೆರೆದು, ಮದುವೆಯಾಗಿ ಹೋಗುವ ಮಗಳನ್ನು ಕಳುಹಿಸುವಂತೆ ತಮ್ಮ ಪಂದ್ಯವನ್ನು ಬೀಳ್ಕೊಟ್ಟರು.

ಇದಕ್ಕೆ ವ್ಯತಿರಿಕ್ತವಾದ ದೃಷ್ಟಾಂತವು ನಮ್ಮ ನೆರೆಯಲ್ಲಿಯೇ ಇದೆ. ಹೈದರಾಬಾದಿನ ಹುಸೇನ್ ಸಾಗರದ ದಂಡೆಯ ರಸ್ತೆಗಳನ್ನು ಸಜ್ಜುಗೊಳಿಸಿ 2023ರ ಫೆಬ್ರವರಿ 11ರಂದು ವಿದ್ಯುಚ್ಛಕ್ತಿಯ ಮೋಟಾರುಗಳ ಫಾರ್ಮುಲಾ ಇ ಪಂದ್ಯವನ್ನು ನಡೆಸಿದರು. ಮರುವರ್ಷದ ಪಂದ್ಯಕ್ಕಾಗಿ ನಮ್ಮ ಕಡೆಯ ತರುಣರೂ ಕಾದಿದ್ದರು. 2024ರ ಫೆಬ್ರವರಿಯಲ್ಲಿ ನಡೆಯಬೇಕಾಗಿದ್ದ ಆ ಪಂದ್ಯವು ರದ್ದಾಯಿತೆಂಬ ವಾರ್ತೆ ಜನವರಿಯ ಆರಂಭದಲ್ಲಿ ಬಂದಿತು. ಅಷ್ಟರಲ್ಲಿ ರಾಜ್ಯದ ಆಡಳಿತ ಬೇರೆ ಪಕ್ಷದ ಕೈ ಸೇರಿತ್ತು. ಸಾರ್ವಜನಿಕ ಹಣವು ವ್ಯಯವಾದ ಬಗೆಯನ್ನು ಕುರಿತು ತರುವಾಯ ಪೋಲೀಸು ಮೊಕದ್ದಮೆಯೂ ಹೂಡಲ್ಪಟ್ಟಿತು. ಒಂದೇ ಪಂದ್ಯವನ್ನು ಕಂಡ ಆ ಮಾರ್ಗಕ್ಕೆ ಬೀಳ್ಕೊಡುಗೆಯೂ ಇಲ್ಲವಾಯಿತು.

ಅಡಿಲೇಡಿನವರಿಗೆ ದಿನಾಂಕ ತಿಳಿದಿತ್ತು. ಹೈದರಾಬಾದಿನವರಿಗೆ ತಿಳಿಯುವ ಮೊದಲೇ ಬಾಗಿಲು ಮುಚ್ಚಿತು. ಬೆಂಗಳೂರಿನಲ್ಲಿ ನಾವು ಮೂರನೆಯದೊಂದು ಕ್ರಮವನ್ನು ಕಂಡುಹಿಡಿದಿದ್ದೇವೆ: ಬಾಗಿಲನ್ನು ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ; ವರ್ಷವರ್ಷವೂ ಅದರ ಮುಂದೆ ನಿಂತು ಚರ್ಚಿಸುವುದು. ಇದರಿಂದ ಯಾರಿಗೆ ಪ್ರಯೋಜನವಾಗಿದೆ? ಕುದುರೆಗಳ ಮೈ ತಿಕ್ಕಿ ಹುಲ್ಲು ಹಾಕುವ ಸಾಯಿಸರು, ಲಾಳ ಕಟ್ಟುವವರು, ತರಬೇತಿದಾರರು, ಜಾಕಿಗಳು ತಮ್ಮ ಮಕ್ಕಳನ್ನು ಮುಂದಿನ ವರ್ಷ ಯಾವ ಊರಿನ ಶಾಲೆಗೆ ಸೇರಿಸಬೇಕೆಂದು ಅರಿಯರು. ನಗರದವರು ಆ ಬಯಲು ತಮಗೆ ದೊರೆಯುವುದೋ ಇಲ್ಲವೋ ಅರಿಯರು. ಕುಣಿಗಲ್ಲಿನವರು ತಮ್ಮ ಹುಲ್ಲುಗಾವಲಿನಲ್ಲಿ ಏನು ಬರುವುದೆಂದು ಅರಿಯರು. ಈ ಅನಿಶ್ಚಯದಲ್ಲಿ ಲಾಭ ಪಡೆಯುವವನು ಒಬ್ಬನೇ: "ಇದೇ ಕಡೆಯ ಅವಕಾಶ" ಎಂದು ಬಡವನ ಜೇಬಿನಿಂದ ಹಣವನ್ನು ಹೊರಡಿಸುವ ಪಣದ ವ್ಯಾಪಾರಿ.

ಪಣದ ಮಾತು ಬಂದದ್ದರಿಂದ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಲೇಸು. ಕುದುರೆ ಓಟವು ಕೇವಲ ಅದೃಷ್ಟದ ಜೂಜಲ್ಲ, ಕೌಶಲ್ಯದ ಆಟವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅದಕ್ಕೆ ಮುಂಚೆ, 1974ರಲ್ಲಿ, ತಮಿಳುನಾಡಿನ ಶಾಸನಸಭೆಯು ಈ ಓಟವನ್ನೇ ನಿಷೇಧಿಸುವ ಕಾಯಿದೆಯನ್ನು ಮಾಡಿತ್ತು. ನ್ಯಾಯಾಲಯದ ತೀರ್ಪಿಗೆ ನಾವು ತಲೆಬಾಗುತ್ತೇವೆ. ಕುದುರೆಯ ಬಲಾಬಲವನ್ನೂ ಸವಾರನ ಜಾಣ್ಮೆಯನ್ನೂ ನೆಲದ ಹದವನ್ನೂ ತೂಗಿ ನೋಡುವುದಕ್ಕೆ ಬುದ್ಧಿ ಬೇಕೆಂಬುದು ನಿಜವೇ. ಆದರೆ ಟೋಟಿನ ಕಿಟಕಿಯ ಲೆಕ್ಕವನ್ನು ನಮ್ಮ ರೈತನು ತಿಳಿದಿರಬೇಕು. ಅಲ್ಲಿ ಎಲ್ಲರ ಹಣವೂ ಒಂದೇ ರಾಶಿಗೆ ಬೀಳುತ್ತದೆ. ತೆರಿಗೆಯನ್ನೂ ಕ್ಲಬ್ಬಿನ ಭಾಗವನ್ನೂ ತೆಗೆದಿಟ್ಟ ಮೇಲೆ ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. 2023ರ ಅಕ್ಟೋಬರಿನಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇಕಡ 28ರಂತೆ ಇದ್ದ ತೆರಿಗೆಯನ್ನು 2025ರ ಸೆಪ್ಟೆಂಬರಿನಲ್ಲಿ ಶೇಕಡ 40ಕ್ಕೆ ಏರಿಸಿದರು. ಕೌಶಲ್ಯವೆಷ್ಟೇ ಇರಲಿ, ರಾಶಿಯಿಂದ ಇಷ್ಟೊಂದು ಹೊರಗೆ ಹೋದ ಮೇಲೆ ಪಣವಿಟ್ಟವರೆಲ್ಲರೂ ಒಟ್ಟಿಗೆ ಗೆಲ್ಲುವುದು ಗಣಿತಕ್ಕೇ ವಿರುದ್ಧ. ಕಳ್ಳ ಬುಕ್ಕಿಗಳ ಬಳಿಗೆ ಹೋದರೆ ತೆರಿಗೆ ಉಳಿಯುವುದೆಂದು ಕೆಲವರು ಎಣಿಸಬಹುದು. ಅಲ್ಲಿ ಅಸಲಿಗೇ ಖಾತ್ರಿಯಿಲ್ಲ.

ಲಾಟರಿಯನ್ನೂ ಸಾರಾಯಿಯನ್ನೂ 2007ರಲ್ಲಿ ನಿಲ್ಲಿಸಿದ ರಾಜ್ಯ ನಮ್ಮದು. ಆ ಕಾಲದಲ್ಲಿ ಖಜಾನೆಗೆ ನಷ್ಟವಾಗುವುದೆಂದು ಗೋಳಾಡಿದವರುಂಟು; ಮನೆಗಳಿಗೆ ಆದ ಲಾಭವನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಜೂಜುಗಾರನಿಗೆ, ದಾಳವನ್ನು ಬಿಟ್ಟು ನಿನ್ನ ಹೊಲವನ್ನು ಉಳು ಎಂಬ ಅರ್ಥದ ಬುದ್ಧಿವಾದವಿದೆ. ಅಷ್ಟು ಪುರಾತನವಾದ ಮಾತನ್ನು ತೆಂಗಿನ ಸೀಮೆಯಲ್ಲಿ ನಾವು ಮತ್ತೆ ಹೇಳಬೇಕಾಗಿದೆ. ಏಕೆಂದರೆ ನಮ್ಮ ಬೆಳೆಯೇ ಒಂದು ಬಗೆಯ ಜೂಜಾಗಿ ಪರಿಣಮಿಸಿದೆ. 2023ರಲ್ಲಿ ಕ್ವಿಂಟಾಲಿಗೆ 8,000 ರೂಪಾಯಿಗಳ ಆಸುಪಾಸಿಗೆ ಇಳಿದಿದ್ದ ಉಂಡೆ ಕೊಬ್ಬರಿಯು 2025ರಲ್ಲಿ 25,000 ರೂಪಾಯಿಗಳನ್ನು ದಾಟಿತು. ಇಳಿದಾಗ ಸಾಲ ಮಾಡಿದವನು ಏರಿದಾಗ ತೀರಿಸುವನೆಂಬುದು ಆಸೆ. ಆದರೆ ಏರಿದ ದಿನ ಅಟ್ಟದ ಮೇಲೆ ಕೊಬ್ಬರಿ ಉಳಿದಿರಬೇಕಲ್ಲವೆ? ಕಾಯಿ ಉಂಡೆ ಕೊಬ್ಬರಿಯಾಗಬೇಕಾದರೆ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಬೇಕು. ಹಾಗೆ ವರ್ಷವಿಡೀ ಕಾದು ಪಡೆದ ಹಣವನ್ನು ಎರಡೂವರೆ ನಿಮಿಷಗಳ ಓಟಕ್ಕೆ ಒಪ್ಪಿಸುವವನು ತನ್ನ ತಾಳ್ಮೆಯನ್ನು ತಾನೇ ಅವಮಾನಿಸಿಕೊಂಡಂತೆ.

ಹೀಗೆಂದ ಮಾತ್ರಕ್ಕೆ ಓಟವನ್ನು ನೋಡಿ ಆನಂದಿಸುವವರನ್ನು ನಾವು ಹಳಿಯುತ್ತೇವೆಂದು ಯಾರೂ ಭಾವಿಸಕೂಡದು. ಮೈ ಮಿಂಚುವ ಕುದುರೆಗಳು ತಿರುವಿನಲ್ಲಿ ಒಟ್ಟಾಗಿ ಬರುವಾಗ ನೆಲವು ಗುಡುಗುವುದನ್ನು ಕೇಳಿ ಪುಳಕಗೊಳ್ಳದವನ ಹೃದಯ ಒಣಗಿದ್ದೇ ಸರಿ. ಕೆಂಕೆರೆಯ ವೃದ್ಧರು ಬಸ್ಸಿನ ಹಣ, ಊಟದ ಹಣ, ಆಟದ ಹಣ ಎಂದು ಮೂರು ಗಂಟು ಕಟ್ಟಿಕೊಂಡು ಹೋಗುವರಂತೆ. ಮೂರನೆಯ ಗಂಟು ಬರಿದಾದೊಡನೆ ಕಟಕಟೆಗೆ ಒರಗಿ ಸುಮ್ಮನೆ ನೋಡುವರಂತೆ. ಈ ನಿಯಮವನ್ನು ಅವರಿಗೆ ಕಲಿಸಿದವರು ಅವರ ಮನೆಯವರು. ಪದವೀಧರರಾದ ಎಷ್ಟೋ ಮಂದಿಗೆ ಇಲ್ಲದ ವಿವೇಕವಿದು.

ಇನ್ನು ಕುಣಿಗಲ್ಲಿನ ವಿಷಯ. ಜನಪದರ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕೆರೆಯುಳ್ಳ ಆ ಊರಿನ ಕುದುರೆ ಫಾರಮು ಟಿಪ್ಪುವಿನ ಕಾಲದಲ್ಲಿ ಸೈನ್ಯದ ಅಶ್ವಗಳಿಗಾಗಿ ಏರ್ಪಟ್ಟದ್ದು. ಬ್ರಿಟಿಷರ ಕಾಲವನ್ನೂ ಮಹಾರಾಜರ ಕಾಲವನ್ನೂ ಕಳೆದು, 1992ರಲ್ಲಿ ಖಾಸಗಿಯವರಿಗೆ 30 ವರ್ಷಗಳ ಗೇಣಿಗೆ ಹೋಗಿ, ಇಂದಿಗೂ ನಾನೂರು ಎಕರೆಗೆ ಮೀರಿದ ಹಸುರಾಗಿ ಉಳಿದಿದೆ. ಕುದುರೆ ಹುಟ್ಟುವ ನೆಲದಲ್ಲಿಯೇ ಕುದುರೆ ಓಡಲೆಂಬ ವಾದಕ್ಕೆ ಒಂದು ಸೊಗಸಿದೆ. ಬೆಂಗಳೂರಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೂ ರೈಲುದಾರಿಯೂ ಅಲ್ಲಿ ಹಾದುಹೋಗಿರುವುದು ಅನುಕೂಲವೇ. ಆದರೆ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಬಾಗಿಲಿಗೇ ಪಣದ ಕಿಟಕಿಯು ಬಂದು ನಿಲ್ಲುವುದೆಂಬುದನ್ನು ನಾವು ಮರೆಯಲಾಗದು. ಬೆಂಗಳೂರಿಗೆ ವರ್ಷಕ್ಕೊಮ್ಮೆ ಹೋಗುತ್ತಿದ್ದವನು ಕುಣಿಗಲ್ಲಿಗೆ ವಾರಕ್ಕೊಮ್ಮೆ ಹೋಗಲಾರನೆ?

ಆದ್ದರಿಂದ ಸರ್ಕಾರದವರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮೊದಲನೆಯದಾಗಿ, ಬೆಂಗಳೂರಿನ ಬಯಲಿನಲ್ಲಿ ಕಡೆಯ ಓಟ ಯಾವ ದಿನವೆಂಬುದನ್ನು ನಿಶ್ಚಯಿಸಿ, ಸಾಕಷ್ಟು ಮುಂಚಿತವಾಗಿ ಪ್ರಕಟಿಸಬೇಕು. ಪ್ರಕಟಿಸಿದ ಮೇಲೆ ಬದಲಾಯಿಸಕೂಡದು. ಎರಡನೆಯದಾಗಿ, ತೆರವಾದ 85 ಎಕರೆಯಲ್ಲಿ ಒಂದು ಗುಂಟೆಯೂ ಮಾರಾಟಕ್ಕಾಗಲಿ, ಕಟ್ಟಡಕ್ಕಾಗಲಿ ಹೋಗದಂತೆ ಕಾಯಿದೆಯಿಂದಲೇ ಬಂಧಿಸಿ, ಜನರ ಉದ್ಯಾನವಾಗಿ ಉಳಿಸಬೇಕು. ಕಬ್ಬನ್ ಪಾರ್ಕೂ ಲಾಲ್‌ಬಾಗೂ ಹಿಂದಿನವರ ದೂರದೃಷ್ಟಿಯಿಂದ ನಮಗೆ ದೊರೆತವು. ನಮ್ಮ ಕಾಲದವರು ಮುಂದಿನವರಿಗೆ ಕೊಟ್ಟುಹೋಗುವ ತೋಟ ಯಾವುದು? ಮೂರನೆಯದಾಗಿ, ಕುಣಿಗಲ್ಲಿನ ಫಾರಮಿನ ಮರಗಳನ್ನೂ ಹುಲ್ಲುಗಾವಲನ್ನೂ ಉಳಿಸುವ ನಕ್ಷೆಯನ್ನು ಆ ಊರಿನ ಜನರ ಮುಂದಿಟ್ಟು, ಅವರ ಅಭಿಪ್ರಾಯವನ್ನು ಕೇಳಿದ ನಂತರವೇ ಕೆಲಸವನ್ನು ಪ್ರಾರಂಭಿಸಬೇಕು. ನಾಲ್ಕನೆಯದಾಗಿ, ಲಾಯದ ಆಳುಗಳಿಗೆ ವಸತಿಯನ್ನೂ ಕೆಲಸವನ್ನೂ ಒದಗಿಸದೆ ಒಂದು ಕುದುರೆಯನ್ನೂ ಕದಲಿಸಕೂಡದು. ಕುದುರೆಗೆ ಹೊಸ ಲಾಯವನ್ನು ಕಟ್ಟುವವರು ಅದನ್ನು ಸಾಕುವ ಮನುಷ್ಯನಿಗೆ ಒಂದು ಸೂರನ್ನು ಕಟ್ಟದಿದ್ದರೆ ಅದಕ್ಕಿಂತ ನಾಚಿಕೆಗೇಡು ಬೇರೊಂದಿಲ್ಲ.

ಮದುವೆಯ ಊಟ ಮುಗಿಸಿ ಹೊರಡುವಾಗ ಆ ವೃದ್ಧರು ಮತ್ತೆ ನಮ್ಮ ಕಣ್ಣಿಗೆ ಬಿದ್ದರು. ಈ ಸಲ ಸೋದರಳಿಯನನ್ನೂ ಜತೆಗೆ ಕರೆದುಕೊಂಡು ಹೋಗುವಿರೋ ಎಂದು ಕೇಳಿದೆವು. "ಒಂದು ಸಲ ನೋಡಲಿ ಸ್ವಾಮೀ. ಆಮೇಲೆ ಅಲ್ಲಿ ತೋಟವಾದರೆ, ಇಲ್ಲಿ ಕುದುರೆ ಓಡುತ್ತಿತ್ತು ಅಂತ ತನ್ನ ಮಕ್ಕಳಿಗೆ ತೋರಿಸಬಹುದಲ್ಲಾ" ಎಂದರು. ತೋಟವಾದರೆ ಎಂದರೇ ಹೊರತು, ತೋಟವಾದಾಗ ಎನ್ನಲಿಲ್ಲ. ಆ ಸಂದೇಹವನ್ನು ನೀಗಿಸುವ ಭಾರ ವಿಧಾನಸೌಧದಲ್ಲಿ ಕುಳಿತವರ ಮೇಲಿದೆ.