ಮುಖಕ್ಕೆ ಏನು ಹಚ್ಚಲಿ ಡಾಕ್ಟ್ರೇ?

ದೀಪಾವಳಿ ಮುಗಿದ ವಾರಕ್ಕೆಲ್ಲ ದೆಹಲಿಯ ನನ್ನ ಕ್ಲಿನಿಕ್ಕಿಗೆ ಕನ್ನಡದವರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಮೊಣಕಾಲ ಕೆಳಗೆ ಬೂದಿ ಬಳಿದಂತೆ ಬಿಳಿಚಿದ ಚರ್ಮ, ಒಡೆದ ತುಟಿ, ಸ್ನಾನ ಮುಗಿಸಿದ ಕೂಡಲೇ ಮೈಯೆಲ್ಲ ತುರಿಕೆ. ಮಂಗಳೂರು, ಕುಂದಾಪುರದವರಾದರೆ ಗಾಬರಿ ಇನ್ನೂ ಜಾಸ್ತಿ. ಊರಿನಲ್ಲಿ ವರ್ಷವಿಡೀ ಬೆವರು ಒರೆಸಿಕೊಂಡೇ ಬೆಳೆದವರಿಗೆ ಚರ್ಮ ಹೀಗೂ ಒಣಗುತ್ತದೆ ಎಂಬುದೇ ಹೊಸ ಸಂಗತಿ. ರಾಯಚೂರು, ವಿಜಯಪುರದವರು ಒಣ ಹವೆ ಕಂಡವರೇ. ಅವರನ್ನು ಇಲ್ಲಿ ಕೆಡಿಸುವುದು ಚಳಿಗೆ ಹೆದರಿ ಮಾಡುವ ಕುದಿನೀರಿನ ಸ್ನಾನ.

ಬಂದವರಲ್ಲಿ ಹೆಚ್ಚಿನವರು, ಅದರಲ್ಲೂ ಐಟಿ ಕಡೆಯ ಮಕ್ಕಳು, ಫೋನಿನಲ್ಲಿ ಒಂದು ಪಟ್ಟಿ ಹಿಡಿದುಕೊಂಡೇ ಬರುತ್ತಾರೆ. ಟೋನರ್, ಎಸೆನ್ಸ್, ವಿಟಮಿನ್ ಸಿ ಸೀರಮ್, ರಾತ್ರಿಗೆ ರೆಟಿನಾಲ್. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವರ ಪ್ರಶ್ನೆ. ನನ್ನ ಉತ್ತರ ಕೇಳಿದ ಮೇಲೆ ಫೀಸು ದಂಡವಾಯಿತೇನೋ ಎಂಬಂತೆ ಮುಖ ಮಾಡುತ್ತಾರೆ. ತೊಳೆಯಿರಿ, ತೇವ ಉಳಿಸಿಕೊಳ್ಳಿ, ಬಿಸಿಲಿನಿಂದ ಕಾಪಾಡಿಕೊಳ್ಳಿ. ಮುಕ್ಕಾಲು ಪಾಲು ಜನರಿಗೆ ಇಷ್ಟು ಸಾಕು. ರೆಟಿನಾಲ್ ಒಳ್ಳೆಯ ಪದಾರ್ಥವೇ, ಆದರೆ ಚರ್ಮ ಒಡೆದಿರುವಾಗ ಹಚ್ಚಿದರೆ ಉರಿ. ಬಸುರಿಯರಂತೂ ಅದರ ಹತ್ತಿರ ಸುಳಿಯಬಾರದು.

ಚರ್ಮದ ಮೇಲ್ಪದರ ಗೋಡೆ ಇದ್ದ ಹಾಗೆ. ಜೀವಕೋಶಗಳೇ ಇಟ್ಟಿಗೆ, ನಡುವಿನ ಕೊಬ್ಬಿನಂಶವೇ ಗಾರೆ. ಗಾರೆ ಉದುರಿದರೆ ಒಳಗಿನ ನೀರು ಹೊರಗೆ ಆರಿಹೋಗುತ್ತದೆ. ಬಿಸಿ ನೀರು, ಸೋಪು ಎರಡೂ ಗಾರೆಯನ್ನೇ ಕೀಳುತ್ತವೆ. ಚರ್ಮದ ಮೇಲ್ಮೈಯ ಪಿಎಚ್ 5ರ ಆಸುಪಾಸಿನದು. ಮಾಮೂಲಿ ಸ್ನಾನದ ಸೋಪಿನದು 9ರಿಂದ 10. ಬೋರ್‌ವೆಲ್‌ನ ಗಡಸು ನೀರಾದರೆ ಸೋಪು ಸರಿಯಾಗಿ ತೊಳೆದೂ ಹೋಗದೆ ಮೈಮೇಲೇ ಅಂಟಿಕೊಳ್ಳುತ್ತದೆ. ಹಾಗಾಗಿ ಮುಖಕ್ಕೆ ಸೋಪಿಲ್ಲದ ಮೆದು ಕ್ಲೆನ್ಸರ್, ಮೈಗೆ ಉಗುರು ಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ. ಸೋಪು ಬಿಡಲಾರೆ ಎನ್ನುವವರು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಇಟ್ಟುಕೊಳ್ಳಲಿ.

ಟವೆಲ್ಲಿನಿಂದ ತಿಕ್ಕದೆ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಡ್ರೆಸ್ ಮಾಡಿಕೊಂಡು, ತಿಂಡಿ ತಿಂದು ಆಮೇಲೆ ಹಚ್ಚಿದರೆ ಅರ್ಧ ಲಾಭ ಹೋಯಿತು. ದುಬಾರಿ ಡಬ್ಬಿ ಬೇಕಿಲ್ಲ. ಗ್ಲಿಸರಿನ್ ಅಥವಾ ಸೆರಮೈಡ್ ಇರುವ, ಪರಿಮಳವಿಲ್ಲದ ಕ್ರೀಮು ಸಾಕು. ಒಡೆದ ಹಿಮ್ಮಡಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವುದು ಕಡಿಮೆ. ಊರಿಂದ ತಂದ ಕೊಬ್ಬರಿ ಎಣ್ಣೆ ಕೈಕಾಲಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಡಿಸೆಂಬರ್‌ನಲ್ಲಿ ಬಾಟಲಿಯೊಳಗೆ ಕಲ್ಲಾಗಿರುತ್ತದೆ, ಅದೊಂದೇ ತಾಪತ್ರಯ. ಮೊಡವೆ ಏಳುವ ಮುಖಕ್ಕೆ ಮಾತ್ರ ಅದು ಬೇಡ. ಪಕ್ಕದ ಮನೆಯ ಪಂಜಾಬಿ ಆಂಟಿ ಸಾಸಿವೆ ಎಣ್ಣೆ ಹೇಳಿಯೇ ಹೇಳುತ್ತಾರೆ. ಅದು ಕೆಲವರ ಚರ್ಮವನ್ನು ಕೆರಳಿಸುತ್ತದೆ, ಕೂಸುಗಳಿಗಂತೂ ಬೇಡ ಎನ್ನುವುದು ನನ್ನ ಮಾತು.

ಸನ್‌ಸ್ಕ್ರೀನ್ ಎಂದರೆ ನಮ್ಮವರು ನಗುತ್ತಾರೆ. ‘ನಾವೇನು ಬಿಳಿ ಜನವೇ?’ ನಿಜ, ನಮ್ಮ ಚರ್ಮ ಸುಲಭಕ್ಕೆ ಸುಡುವುದಿಲ್ಲ, ಆದರೆ ಕಲೆಗಟ್ಟುತ್ತದೆ. ಕೆನ್ನೆಯ ಮೇಲಿನ ಬಂಗು ನಮ್ಮ ಬಣ್ಣದವರಲ್ಲೇ ಹೆಚ್ಚು, ಬಿಸಿಲು ಅದನ್ನು ಇನ್ನೂ ಹೆಚ್ಚಿಸುತ್ತದೆ. ಯುವಿಎ ಕಿರಣ ಕಿಟಕಿಯ ಗಾಜನ್ನೂ ದಾಟುತ್ತದೆ, ಕ್ಯಾಬಿನಲ್ಲಿ ಕೂತವರಿಗೂ ಬಿಡುವಿಲ್ಲ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು, ಎರಡು ಬೆರಳುದ್ದಕ್ಕೆ ಹಿಂಡಿದಷ್ಟು, ಮುಖಕ್ಕೂ ಕತ್ತಿಗೂ. ಹೊರಗೆ ಅಲೆಯುವ ಕೆಲಸವಾದರೆ ಎರಡು ಗಂಟೆಗೊಮ್ಮೆ ಮತ್ತೆ.

ಇಷ್ಟು ಹೇಳಲು ನನ್ನಂಥವಳು ಬೇಕಿಲ್ಲ. ನನ್ನ ನಿದ್ದೆ ಕೆಡಿಸುವುದು ಬೇರೆಯೇ.

ಕಳೆದ ಚಳಿಗಾಲದಲ್ಲಿ ಹಾವೇರಿ ಕಡೆಯ ಹುಡುಗಿಯೊಬ್ಬಳು ಬಂದಳು. ಗುರುಗ್ರಾಮದಲ್ಲಿ ಕೆಲಸ. ಎರಡು ಕೆನ್ನೆಯೂ ಕೆಂಪು, ಸೂಜಿದಾರದಂಥ ರಕ್ತನಾಳಗಳು ಹೊರಗೇ ಕಾಣುತ್ತಿದ್ದವು, ಗಲ್ಲದ ಮೇಲೆ ಮೊಡವೆ, ದವಡೆಯುದ್ದಕ್ಕೂ ನವಿರು ಕೂದಲು. ಎರಡು ವರ್ಷದಿಂದ ಒಂದು ‘ಕ್ರೀಮು’ ಹಚ್ಚುತ್ತಿದ್ದಳು. ಯಾರೋ ಸಂಬಂಧಿಕರು ಹೇಳಿದ್ದು, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಕ್ಕಿದ್ದು. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಮೂರು ಹೆಸರು: ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನೊಯಿನ್.

ಮೊದಲನೆಯದು ಸ್ಟಿರಾಯ್ಡ್. ಬಂಗಿಗೆ ನಾವೇ ಈ ಮಿಶ್ರಣವನ್ನು ಕೆಲವು ವಾರಗಳ ಲೆಕ್ಕ ಹಾಕಿ ಕೊಡುತ್ತೇವೆ. ಜನ ಅದನ್ನು ಬೆಳ್ಳಗಾಗುವ ಕ್ರೀಮೆಂದು ವರ್ಷಗಟ್ಟಲೆ ಬಳಸುತ್ತಾರೆ. ಮೊದಲ ತಿಂಗಳು ಮುಖ ಹೊಳೆಯುತ್ತದೆ, ಅದೇ ಮೋಸ. ಬರಬರುತ್ತ ಚರ್ಮ ತೆಳುವಾಗುತ್ತದೆ. ಬಿಟ್ಟರೆ ಉರಿ, ಊತ. ಉರಿ ತಾಳದೆ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕೌಂಟರಿನಲ್ಲಿ ಇವತ್ತಿಗೂ ಕೇಳಿದವರಿಗೆ ಸಿಗುತ್ತದೆ. ಮನೆಯಲ್ಲಿರುವ ಟ್ಯೂಬನ್ನು ಒಮ್ಮೆ ತಿರುಗಿಸಿ ನೋಡಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ದಿನನಿತ್ಯದ ಕ್ರೀಮಲ್ಲ. ಹುಳಕಡ್ಡಿಗೆಂದು ಕೊಡುವ ಮಿಕ್ಸ್ ಕ್ರೀಮುಗಳಲ್ಲೂ ಇವು ಇರುತ್ತವೆ. ತುರಿಕೆ ಎರಡು ದಿನಕ್ಕೆ ಇಳಿಯುತ್ತದೆ, ಹುಳಕಡ್ಡಿ ತೊಡೆಯಿಂದ ಹೊಟ್ಟೆಗೆ ಹಬ್ಬುತ್ತದೆ.

ಹುಡುಗಿಯ ತಾಯಿ ಫೋನ್ ಮಾಡಿದರು. ‘ಮದುವಿಗೆ ಮೂರ್ ತಿಂಗಳ ಐತ್ರಿ ಡಾಕ್ಟರ್ರ, ಹುಡುಗಿ ಮುಖ ಹಿಂಗಾದ್ರ ಹೆಂಗ್ರೀ? ಅದನ್ನ ಮದುವಿ ಮಟಾ ಹಚ್ಕೊಳ್ಳಲಿ ಬಿಡ್ರಿ.’ ಅವರ ಮೇಲೆ ಸಿಟ್ಟು ಬರಲಿಲ್ಲ. ಹೆಣ್ಣು ನೋಡಲು ಬಂದವರು ಬಣ್ಣದ ಬಗ್ಗೆ ಏನೇನು ಮಾತಾಡುತ್ತಾರೆಂಬುದು ಗೊತ್ತಿಲ್ಲದವಳಲ್ಲ ನಾನು. ಆದರೂ ಆಗುವುದಿಲ್ಲ ಎಂದೆ. ಮೊದಲ ಕೆಲವು ವಾರ ಈಗಿಗಿಂತ ಕೆಟ್ಟದಾಗಿ ಕಾಣುತ್ತದೆ, ಆಮೇಲೆ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಫೇಶಿಯಲ್ ಬೇಡ, ಬ್ಲೀಚ್ ಬೇಡ, ತಣ್ಣೀರ ಬಟ್ಟೆ, ಸಾದಾ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಜತೆಗೆ ನಾನು ಬರೆದ ಮದ್ದು. ಎರಡನೇ ವಾರ ಹುಡುಗಿ ಆಫೀಸಿಗೆ ರಜೆ ಹಾಕಿ ರೂಮಿನಲ್ಲೇ ಕೂತಳು. ರಾತ್ರಿ ಹನ್ನೊಂದಕ್ಕೆ ಉರಿ ಎಂದು ಮೆಸೇಜು. ಹಳೆಯ ಟ್ಯೂಬನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.

ಮದುವೆಗೆ ವಾರವಿರುವಾಗ ತಾಯಿಯ ಫೋನು ಮತ್ತೊಮ್ಮೆ. ‘ಅರಿಶಿಣರ ಹಚ್ಚಬಹುದೇನ್ರಿ?’ ಕೈಗೆ ಕಾಲಿಗೆ ಎಷ್ಟಾದರೂ ಹಚ್ಚಿ, ಕೆನ್ನೆ ಬಿಡಿ ಎಂದೆ. ಹಣೆಗೊಂದು ಬೊಟ್ಟಿಟ್ಟು ಶಾಸ್ತ್ರ ಮುಗಿಸಿದರಂತೆ. ಫೋಟೊ ಕಳಿಸಿದ್ದಳು. ಎಡಗೆನ್ನೆ ಇನ್ನೂ ತುಸು ಕೆಂಪಗೇ ಇತ್ತು. ಕೆಳಗೆ, ‘ಸನ್‌ಸ್ಕ್ರೀನ್ ಹಚ್ಚಿದ್ದೆ ಮೇಡಂ, ಪಾರ್ಲರ್‌ನವರು ಬೈದರು’ ಎಂದು ಬರೆದಿದ್ದಳು.